ದೆವ್ವದ ಮುಖವಾಡ ಎಳೆದಾಗ ಸಿಕ್ಕಿದ್ದೇನು?

ಶಾಲೆಯಿಂದ ಬಂದು ಬ್ಯಾಗನ್ನು ಮೂಲೆಗೆ ಎಸೆದು ‘ಸ್ಕೂಬಿ ಡೂ’ ನೋಡಲು ಕೂರದವರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ನಾಲ್ಕು ಜನ ಹುಡುಗ ಹುಡುಗಿಯರು, ಒಂದು ಪುಕ್ಕಲು ನಾಯಿ, ಬಣ್ಣ ಬಳಿದ ಒಂದು ವ್ಯಾನು. ಇವರು ಹೋದಲ್ಲೆಲ್ಲ ದೆವ್ವ. ಕೊನೆಗೆ ನೋಡಿದ್ರೆ ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ಮುಖವಾಡದ ಒಳಗೊಬ್ಬ ಕಳ್ಳ!

ಈ ಕಾರ್ಟೂನ್ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾಗಿದ್ದು 1969ರ ಸೆಪ್ಟೆಂಬರ್ 13ರಂದು. ಕಥೆ ಹೆಣೆದವರು ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್. ಮಕ್ಕಳ ಕಾರ್ಟೂನುಗಳಲ್ಲಿ ಹೊಡೆದಾಟ ಜಾಸ್ತಿಯಾಯ್ತು ಅಂತ ಪೋಷಕರು ಗಲಾಟೆ ಮಾಡುತ್ತಿದ್ದ ಕಾಲ ಅದು. ಮೊದಲ ರೂಪ ತುಂಬಾ ಹೆದರಿಸುತ್ತೆ ಅಂತ ವಾಹಿನಿಯವರು ಬೇಡ ಅಂದುಬಿಟ್ಟರು. ಆಗ ನಾಯಿಯನ್ನು ಮುಂದೆ ತಂದು ನಗು ಹೆಚ್ಚಿಸಿದರು. ಚಿತ್ರಕಾರ ಇವಾವೊ ಟಕಮೋಟೊ ಅವರಂತೂ ಒಳ್ಳೆಯ ಗ್ರೇಟ್ ಡೇನ್ ನಾಯಿಯ ಲಕ್ಷಣಗಳನ್ನೆಲ್ಲ ಕೇಳಿಕೊಂಡು, ಬೇಕಂತಲೇ ಉಲ್ಟಾ ಬರೆದರು: ಸೊಟ್ಟ ಕಾಲು, ಇಳಿಜಾರು ಬೆನ್ನು!

ಮೂರನೇ ಕಂತನ್ನೇ ತಗೊಳ್ಳಿ. ದೋಣಿಯಲ್ಲಿ ಹೊರಟ ತಂಡ ಮಂಜಿನಲ್ಲಿ ದಾರಿ ತಪ್ಪಿ ಒಂದು ದ್ವೀಪ ಸೇರುತ್ತೆ. ಅಲ್ಲೊಂದು ಕಡಲ್ಗಳ್ಳನ ಕೋಟೆ, ಅವನು ಬಚ್ಚಿಟ್ಟ ನಿಧಿ, ಕಾವಲಿಗೊಂದು ಬಿಳಿ ದೆವ್ವ. ಬಲೆಗೆ ಬಿದ್ದವನು ಯಾರು? ಪೊಲೀಸರು ಹುಡುಕುತ್ತಿದ್ದ ಒಬ್ಬ ಮಾಜಿ ಜಾದೂಗಾರ. ನಿಧಿ ಸಿಗೋವರೆಗೆ ಯಾರೂ ಹತ್ತಿರ ಬರಬಾರದು, ಅದಕ್ಕೇ ಈ ನಾಟಕ. ಸೆಕ್ಯೂರಿಟಿ ಗಾರ್ಡ್ ಇಟ್ಟರೆ ಸಂಬಳ ಕೊಡಬೇಕು, ದೆವ್ವದ ಸುದ್ದಿಗೆ ಪೈಸೆ ಖರ್ಚಿಲ್ಲ. ಹಾಗಾಗಿ ಈ ಪತ್ತೇದಾರರು ಕಂಡುಹಿಡಿಯಬೇಕಾದದ್ದು ಒಂದೇ: ನಾವು ಹೆದರಿದರೆ ಲಾಭ ಯಾರಿಗೆ?

ಸರಿ, ಪಾರದರ್ಶಕ ದೆವ್ವವನ್ನು ನಿಜವಾಗಿ ಮಾಡೋಕೆ ಆಗುತ್ತಾ? ಆಗುತ್ತೆ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಅನ್ನೋ ವಿಜ್ಞಾನ ಮೇಷ್ಟ್ರು ಅದನ್ನು ಮಾಡಿ ತೋರಿಸಿದರು. ಮೂಲ ಉಪಾಯ ಹೆನ್ರಿ ಡರ್ಕ್ಸ್ ಅನ್ನೋ ಎಂಜಿನಿಯರ್‌ದು (ನಮ್ಮವರೇ!). ಪ್ರೇಕ್ಷಕರಿಗೂ ವೇದಿಕೆಗೂ ನಡುವೆ ದೊಡ್ಡದೊಂದು ಗಾಜನ್ನು ಓರೆಯಾಗಿ ನಿಲ್ಲಿಸಬೇಕು. ಪ್ರೇಕ್ಷಕರಿಗೆ ಕಾಣದ ಗುಂಡಿಯೊಳಗೆ ನಟನನ್ನು ನಿಲ್ಲಿಸಿ ಜೋರಾಗಿ ಬೆಳಕು ಬಿಡಬೇಕು. ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ವೇದಿಕೆಯ ಮೇಲೆ ತೇಲಿದ ಹಾಗೆ ಕಾಣುತ್ತೆ. ಬೆಳಕು ಆರಿಸಿದರೆ ದೆವ್ವ ಮಾಯ. ರಾತ್ರಿ ಬಸ್ಸಿನ ಕಿಟಕಿಯಾಚೆ ನಿಮ್ಮದೇ ಮುಖ ತೇಲುತ್ತಿರುತ್ತಲ್ಲ, ಅದೂ ಇದೇ ಲೆಕ್ಕ.

ಇದನ್ನೆಲ್ಲ ನೋಡಿ ನಕ್ಕು ಸುಮ್ಮನಾಗೋಣ ಅಂದ್ರೆ, ನಮ್ಮೂರ ಕಥೆ ನೆನಪಾಗುತ್ತೆ. ನಿಧಿಯನ್ನು ಸರ್ಪ ಕಾಯುತ್ತೆ, ಅಮಾವಾಸ್ಯೆ ರಾತ್ರಿ ಪೂಜೆ ಮಾಡಿ ಅಗೆದರೆ ಸಿಗುತ್ತೆ ಅನ್ನೋ ಮಾತು ನಂಬಿಕೊಂಡು, ನಿಧಿಗಳ್ಳರು ಎಷ್ಟೋ ಹಳೇ ಗುಡಿಗಳ ಗರ್ಭಗುಡಿಯನ್ನೇ ಅಗೆದಿದ್ದಾರೆ. ಚಿನ್ನ ಸಿಗೋದಿರಲಿ, ನೂರಾರು ವರ್ಷದ ವಿಗ್ರಹ, ಶಾಸನಗಳೇ ಒಡೆದು ಹೋಗುತ್ತವೆ. ನಿಜವಾದ ನಿಧಿ ಅದೇ ಆಗಿತ್ತು! ಅಂದಹಾಗೆ, 1878ರ ಭಾರತೀಯ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕು.

ಆದ್ದರಿಂದ ಮುಂದಿನ ಸಲ ಯಾವನಾದ್ರೂ ಸೀನಿಯರ್ ‘ಹಾಸ್ಟೆಲ್ ಮೂರನೇ ಮಹಡಿ ಕೊನೇ ರೂಮಲ್ಲಿ ದೆವ್ವ ಇದೆ, ಆ ಕಡೆ ಹೋಗ್ಬೇಡ’ ಅಂದ್ರೆ ಹೆದರಬೇಡಿ. ಆ ರೂಮಲ್ಲಿ ವೈಫೈ ಚೆನ್ನಾಗಿ ಸಿಗುತ್ತಾ ನೋಡಿ ಬನ್ನಿ.