ಕೋವಿಯಲ್ಲಿ ಕೂರದ ತೋಟಾ

ಮೇಣದಬತ್ತಿಯ ಜ್ವಾಲೆಗೆ ಒಂದು ಕ್ಷಣ ಹಿಡಿದರೆ ಹಿತ್ತಾಳೆಯ ಖಾಲಿ ತೋಟಾ ಮಸಿ ಬಳಿದುಕೊಳ್ಳುತ್ತದೆ. ಒಳಗೆ ಮದ್ದಿಲ್ಲ, ಗುಂಡಿಲ್ಲ, ಬುಡದಲ್ಲಿ ಕೇಪೂ ಇಲ್ಲ. ಅದನ್ನು ರೈಫಲ್ಲಿನಲ್ಲಿ ತೋಟಾ ಕೂರುವ ಚೇಂಬರಿಗೆ ನಿಧಾನವಾಗಿ ತಳ್ಳಿ, ಚೇಂಬರನ್ನು ಮುಚ್ಚುವ ಬೋಲ್ಟ್ ಬಿಗಿದುಕೊಂಡ ಕಡೆ ನಿಲ್ಲಿಸಿ, ಹಾಗೇ ಹಿಂದಕ್ಕೆಳೆದು ಬೆಳಕಿಗೆ ಹಿಡಿದರೆ ಎಲ್ಲೋ ಒಂದೆಡೆ ಮಸಿ ಒರೆಸಿಹೋಗಿ ಲೋಹ ಹೊಳೆಯುತ್ತಿರುತ್ತದೆ. ತೋಟಾ ಯಾಕೆ ಕೂರುತ್ತಿಲ್ಲ ಎಂಬುದಕ್ಕೆ ಉತ್ತರ ಅಲ್ಲಿದೆ. ಈಗ ಮೇಣದಬತ್ತಿಯ ಬದಲು ಕಪ್ಪು ಮಾರ್ಕರ್ ಪೆನ್ ಬಳಸುವವರೇ ಹೆಚ್ಚು. ಉಪಾಯ ಮಾತ್ರ ಅದೇ.

ಅಮೆರಿಕದಲ್ಲಿ ತೋಟಾಗಳನ್ನು ಕೈಯಾರೆ ತುಂಬಿಕೊಳ್ಳುವುದು ದೊಡ್ಡ ಹವ್ಯಾಸ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸನ್ನು ಕೈಪ್ರೆಸ್ಸಿನಲ್ಲಿ ಉಕ್ಕಿನ ಡೈಗೆ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಹೊಸ ಕೇಪು, ಮದ್ದು, ಗುಂಡು ಸೇರಿದರೆ ಅದೇ ಕೇಸು ಮತ್ತೆ ತೋಟಾ. ಈ ಹವ್ಯಾಸದವರಲ್ಲೇ ಇನ್ನೂ ಚಿಕ್ಕದೊಂದು ಪಂಗಡವಿದೆ: ಯಾವ ಕಂಪನಿಯೂ ತಯಾರಿಸದ ತೋಟಾವನ್ನು ತಾವೇ ರೂಪಿಸಿಕೊಳ್ಳುವವರು. ಅಂಥ ತೋಟಾಗಳ ಹೆಸರು ವೈಲ್ಡ್‌ಕ್ಯಾಟ್. ಕಾರ್ಖಾನೆಯ ಕೇಸನ್ನು ತಂದು ಗುಂಡನ್ನು ಹಿಡಿಯುವ ಅದರ ಕತ್ತನ್ನು ಕಿರಿದು ಮಾಡುತ್ತಾರೆ, ಇಲ್ಲವೇ ಹಿಗ್ಗಿಸುತ್ತಾರೆ. ಒಡಲು ಕತ್ತಿಗೆ ಕೂಡುವ ಭುಜವನ್ನು ಹಿಂದೆ ಮುಂದೆ ಸರಿಸುತ್ತಾರೆ. ಅದಕ್ಕೆ ತಕ್ಕ ರೀಮರ್ ಎಂಬ ಕೊರೆಯುವ ಸಾಧನ ಮಾಡಿಸಿ ನಳಿಗೆಯ ಹಿಂಬದಿಯಲ್ಲಿ ಚೇಂಬರ್ ಕೊರೆಸುತ್ತಾರೆ.

ಕಾರ್ಖಾನೆಯ ತೋಟಾಗಳಿಗೆ 1926ರಲ್ಲಿ ಹುಟ್ಟಿದ ಸಾಮಿ ಎಂಬ ತಯಾರಕರ ಸಂಸ್ಥೆ ಅಳತೆಪಟ್ಟಿ ಇಟ್ಟಿದೆ. ವೈಲ್ಡ್‌ಕ್ಯಾಟಿಗೆ ಅಂಥ ಪಟ್ಟಿಯಿಲ್ಲ. ರೀಮರ್ ಅರೆದವನ ನಕ್ಷೆಯೇ ಪ್ರಮಾಣ. ಆದ್ದರಿಂದ ಒಂದೇ ಹೆಸರಿನ ಎರಡು ಕೋವಿಗಳ ಚೇಂಬರುಗಳು ಒಂದಕ್ಕೊಂದು ತಾಳೆಯಾಗದಿರಬಹುದು, ಡೈ ಮೂರನೆಯದೇ ಅಳತೆ ಹೇಳಬಹುದು.

ಈ ಲೋಕದ ಮಾತೆತ್ತಿದರೆ ಪಾರ್ಕರ್ ಓಟ್ಟೊ ಆಕ್ಲಿ ಅವರ ಹೆಸರು ಬಾರದೇ ಇರುವುದಿಲ್ಲ. 1903ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರಾನ್‌ವಿಲ್‌ನಲ್ಲಿ ಹುಟ್ಟಿದ ಅವರು ಓದಿದ್ದು ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಕೃಷಿ. ಬೇಸಾಯ ಬಿಟ್ಟು 1936ರಲ್ಲಿ ದೇಶದ ಆ ತುದಿಗೆ, ಆರೆಗನ್‌ನ ರೋಸ್‌ಬರ್ಗ್‌ಗೆ ಹೋಗಿ ಕೋವಿ ದುರಸ್ತಿಯ ಅಂಗಡಿಯೊಂದನ್ನು ಕೊಂಡರು. ಎರಡನೇ ಮಹಾಯುದ್ಧದ ನಂತರ ಕೊಲರಾಡೊದ ಟ್ರಿನಿಡಾಡ್ ಎಂಬ ಊರಿನಲ್ಲಿ ನೆಲೆನಿಂತು ಕಾರ್ಖಾನೆ ನಡೆಸಿದರು, ಅಲ್ಲಿನ ಕಾಲೇಜಿನಲ್ಲಿ ಕೋವಿ ಕೆಲಸದ ಪಾಠವನ್ನೂ ಹೇಳಿದರು. ಮುಂದೆ ಸಾಲ್ಟ್ ಲೇಕ್ ಸಿಟಿಗೆ ಹೋದರು. 1962ರಲ್ಲಿ ಅವರ ಕೈಪಿಡಿಯ ಮೊದಲ ಸಂಪುಟ ಬಂತು. ಸಾಲುಸಾಲು ವೈಲ್ಡ್‌ಕ್ಯಾಟ್‌ಗಳ ಚಿತ್ರ, ಅಳತೆ, ವಿವರ ತುಂಬಿದ ಆ ಪುಸ್ತಕವನ್ನು ಈ ಹವ್ಯಾಸದವರು ಇಂದಿಗೂ ತೆರೆದು ನೋಡುತ್ತಾರೆ.

ಆಕ್ಲಿ ಅವರ ಮೂಲ ವಿಚಾರ ಸರಳವಾದದ್ದು. ಹಳೆಯ ತೋಟಾಗಳ ಒಡಲು ಬುಡದಿಂದ ಭುಜಕ್ಕೆ ಹೋಗುತ್ತಾ ಕಿರಿದಾಗುತ್ತದೆ, ಭುಜವೂ ಇಳಿಜಾರು. .30-06 ಎಂಬ ತೋಟಾದ ಭುಜದ ಕೋನ 17 ಡಿಗ್ರಿ 30 ಮಿನಿಟ್. ಆಕ್ಲಿ ಒಡಲನ್ನು ಹೆಚ್ಚುಕಡಿಮೆ ನೇರ ಮಾಡಿ ಭುಜವನ್ನು 40 ಡಿಗ್ರಿಗೆ ಎತ್ತಿದರು. ಇದರಿಂದ ಮದ್ದಿಗೆ ಜಾಗ ಹೆಚ್ಚಿತು, ಹಿತ್ತಾಳೆ ಕತ್ತಿನ ಕಡೆಗೆ ಹರಿದು ಉದ್ದವಾಗುವುದು ಕಡಿಮೆಯಾಯಿತು. ಹೊಸ ಚೇಂಬರಿನಲ್ಲಿ ಅಂಗಡಿಯ ಮಾಮೂಲು ತೋಟಾವನ್ನೂ ಹಾರಿಸಬಹುದಿತ್ತು. ಹಾರಿದ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ಚೇಂಬರಿನ ರೂಪವನ್ನೇ ತಾಳಿ ಹೊರಬರುತ್ತದೆ. ಈ ಸೌಕರ್ಯವೇ ಅವರ ತೋಟಾಗಳನ್ನು ಹಳ್ಳಿಹಳ್ಳಿಯ ಬೇಟೆಗಾರರವರೆಗೆ ಮುಟ್ಟಿಸಿತು.

ನಂಬಿದ್ದನ್ನು ಪರೀಕ್ಷಿಸದೆ ಬಿಡುವ ಜಾಯಮಾನ ಅವರದಲ್ಲ. ಹಳೆಯ ಸೈನಿಕ ರೈಫಲ್‌ಗಳು ಎಷ್ಟು ಒತ್ತಡ ತಾಳುತ್ತವೆಂದು ತಿಳಿಯಲು ಅವು ಸಿಡಿಯುವವರೆಗೂ ಪರೀಕ್ಷಿಸಿದರು. ಜಪಾನಿನ ಅರಿಸಾಕದ ಗಟ್ಟಿತನ ಹಾಗೆ ಹೆಸರಾಯಿತು. ವಿಂಚೆಸ್ಟರ್ 94ರಲ್ಲಿ ಬೋಲ್ಟನ್ನು ಹಿಡಿದಿಡುವ ಬೀಗದ ತುಂಡನ್ನೇ ತೆಗೆದು ಗುಂಡು ಹಾರಿಸಿದ್ದೂ ಉಂಟು. ಯಾರೂ ಮತ್ತೆ ಮಾಡಬಾರದ ಪ್ರಯೋಗ ಅದು. ಇಳಿಜಾರಿಲ್ಲದ ಕೇಸು ಚೇಂಬರಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ, ಬೋಲ್ಟಿನ ಮೇಲೆ ಬೀಳುವ ಹೊರೆ ತಗ್ಗುತ್ತದೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಕೋವಿ ಪತ್ರಿಕೆಯೊಂದರ ಬರಹಗಾರ ಬಾಬ್ ಹಟನ್ ಅವರಿಗಾಗಿ ಇನ್ನೊಂದು ಸಾಹಸ ಮಾಡಿದರು: ಆನೆ ಬೇಟೆಯ ಮಟ್ಟದ .378 ವೆದರ್‌ಬಿ ಕೇಸಿನ ಕತ್ತನ್ನು .22ಕ್ಕೆ ಇಳಿಸಿದರು. ಸೆಕೆಂಡಿಗೆ 5,000 ಅಡಿ ವೇಗ ದಾಟಿಸುವ ಆಸೆ ಇತ್ತು. ಸಿಕ್ಕಿದ್ದು ಸುಮಾರು 4,600. ಆ ತೋಟಾಕ್ಕೆ ಅವರಿಟ್ಟ ಹೆಸರು ‘ಇಯರ್‌ಗೆಸ್‌ಪ್ಲಿಟನ್ ಲೌಡನ್‌ಬೂಮರ್’.

ಗೋಡೆ ಕಚ್ಚುವ ಗುಣವೇ ಮರುಬಳಕೆಯ ಹೊತ್ತಿಗೆ ತಕರಾರು ತೆಗೆಯುತ್ತದೆ. ಇಳಿಜಾರಿರುವ ಕೇಸು ಚೇಂಬರಿನೊಳಗೆ ಸಲೀಸಾಗಿ ಜಾರುತ್ತದೆ. ಗೋಡೆ ತಗಲುವುದು ಕೊನೆಯ ಗಳಿಗೆಯಲ್ಲಿ. ನೇರ ಒಡಲಿನ ಕೇಸಿಗೆ ಆ ರಿಯಾಯಿತಿ ಇಲ್ಲ.

ಅತಿ ಹೆಚ್ಚು ಜನರನ್ನು ತಬ್ಬಿಬ್ಬು ಮಾಡುವ ಸಂಗತಿ ಒಂದಿದೆ. ಡೈಗೆ ಹಾಕದಿದ್ದಾಗ ಚೇಂಬರಿನಲ್ಲಿ ಕೂರುತ್ತಿದ್ದ ಕೇಸು, ಡೈಗೆ ಹಾಕಿ ಬಂದ ಮೇಲೆ ಕೂರುವುದಿಲ್ಲ. ಕಿರಿದು ಮಾಡಿದ್ದು ದೊಡ್ಡದಾಗುವುದು ಹೇಗೆ? ಕುಂಬಾರ ತಿಗರಿಯ ಮೇಲಿನ ಮಣ್ಣನ್ನು ಎರಡೂ ಬದಿಯಿಂದ ಒತ್ತಿದರೆ ಅದು ಮೇಲಕ್ಕೇಳುತ್ತದೆ. ಡೈ ಕೂಡ ಮೊದಲು ಒಡಲನ್ನು ಒತ್ತುತ್ತದೆ, ಲೋಹ ಮುಂದಕ್ಕೆ ಸರಿದು ಭುಜ ಏಳುತ್ತದೆ. ಕೇಸು ಇನ್ನಷ್ಟು ಮೇಲೆ ಹೋಗಿ ಡೈನ ಭುಜಕ್ಕೆ ತಾಗಿದಾಗಲೇ ಕೇಸಿನ ಭುಜ ಹಿಂದಕ್ಕೆ ಬರುವುದು. ಅರ್ಧಕ್ಕೆ ನಿಲ್ಲಿಸಿದರೆ ಮೊದಲಿಗಿಂತ ಉದ್ದವಾದ ಕೇಸು ಕೈಗೆ ಬರುತ್ತದೆ. ಇಂಥ ಕೇಸಿಗೆ ಮಸಿ ಬಳಿದು ನೋಡಿದರೆ ಹೊಳಪು ಭುಜದ ಸುತ್ತ ಉಂಗುರವಾಗಿ ಕಾಣುತ್ತದೆ.

ಪರಿಹಾರ, ಡೈಯನ್ನು ತುಸು ಕೆಳಗಿಳಿಸುವುದು. ಆ ‘ತುಸು’ ಎಷ್ಟೆಂಬುದರಲ್ಲೇ ಕಸುಬಿದೆ. ಡೈನ ತಿರುಪಿನ ಎಳೆ ಇಂಚಿಗೆ 14. ಒಂದು ಪೂರ್ತಿ ಸುತ್ತಿಗೆ ಇಂಚಿನ ಸಾವಿರದಲ್ಲಿ 71 ಪಾಲು ಇಳಿಯುತ್ತದೆ. ಭುಜ ಹಿಂದೆ ಹೋಗಬೇಕಾದದ್ದು ಬೋಲ್ಟ್ ರೈಫಲ್ಲಿಗೆ ಅಂಥ ಒಂದೆರಡು ಪಾಲಷ್ಟೇ. ಕೂದಲೆಳೆಯೂ ಅದಕ್ಕಿಂತ ದಪ್ಪ. ಅತಿಯಾಗಿ ಹಿಂದೆ ತಳ್ಳಿದರೆ ಕೇಸು ಸುಲಭವಾಗಿ ಕೂರುತ್ತದೆ ನಿಜ, ಆದರೆ ಹಾರಿಸಿದಾಗಲೆಲ್ಲ ಬುಡದ ಬಳಿ ಹಿಗ್ಗಿ ತೆಳುವಾಗಿ ಒಂದು ದಿನ ಅಲ್ಲೇ ಹರಿಯುತ್ತದೆ. ಆದ್ದರಿಂದ ಬಲ್ಲವರು ಬೋಲ್ಟಿನಿಂದ ಫೈರಿಂಗ್ ಪಿನ್ ಮತ್ತು ಇಜೆಕ್ಟರ್ ತೆಗೆದಿಡುತ್ತಾರೆ. ಸ್ಪ್ರಿಂಗಿನ ಬಿಗಿ ಇಲ್ಲದ ಬೋಲ್ಟಿನ ಹಿಡಿ ಖಾಲಿ ಚೇಂಬರಿನಲ್ಲಿ ತನ್ನ ಭಾರಕ್ಕೇ ಇಳಿಯಬೇಕು. ಕೇಸು ಹಾಕಿದಾಗ ಎಲ್ಲಿ ತಡೆಯಿತು, ಎಷ್ಟು ತಡೆಯಿತು ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಡೈ ತಿರುಗಿಸುವುದು, ಹಾಕಿ ನೋಡುವುದು, ಮತ್ತೆ ತಿರುಗಿಸುವುದು. ಬೋಲ್ಟಿನ ಹಿಡಿಗೆ ಅಂಗೈಯಿಂದ ಗುದ್ದುವವರಿಗೆ ಈ ಕೆಲಸ ಹೇಳಿದ್ದಲ್ಲ.

ಆದರೆ ವೈಲ್ಡ್‌ಕ್ಯಾಟ್‌ನಲ್ಲಿ ಎಲ್ಲ ಬಿಗಿಯೂ ದೋಷವಲ್ಲ. ಆಕ್ಲಿ ಮಾದರಿಯ ಚೇಂಬರನ್ನು ಬೇಕೆಂದೇ ಮೂಲಕ್ಕಿಂತ ಇಂಚಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ಗಿಡ್ಡ ಇಡುತ್ತಾರೆ. ಮಾಮೂಲು ತೋಟಾದ ಕತ್ತು ಮತ್ತು ಭುಜ ಕೂಡುವ ಜಾಗ ಚೇಂಬರಿಗೆ ಒತ್ತಿ ನಿಂತರೆ ಮಾತ್ರ ಮೊದಲ ಗುಂಡಿಗೆ ಅದು ಅಲ್ಲಾಡದೆ ಹಿಗ್ಗುತ್ತದೆ. ಆಗ ಬೋಲ್ಟ್ ತುಸು ಬಿಗಿಯಾಗಿ ಮುಚ್ಚಬೇಕು. ಹೊಸಬರು ಈ ಬಿಗಿಯನ್ನು ತಪ್ಪೆಂದುಕೊಂಡು ಭುಜವನ್ನು ಹಿಂದೆ ತಳ್ಳಿ ಒಳ್ಳೆಯ ಹಿತ್ತಾಳೆಯನ್ನು ಹಾಳುಮಾಡಿಕೊಳ್ಳುತ್ತಾರೆ.

ಹೊಳಪು ಕತ್ತಿನ ಮೇಲೆ ಕಂಡರೆ ವಿಷಯ ಬೇರೆ, ಅಪಾಯವೂ ಹೆಚ್ಚು. ಅಗಲವಾದ ಕತ್ತನ್ನು ಕಿರಿದು ಮಾಡಿದಾಗ ಲೋಹ ಎಲ್ಲಿಗೂ ಹೋಗುವುದಿಲ್ಲ, ಗೋಡೆ ದಪ್ಪವಾಗುತ್ತದೆ. ಹಳೆಯ ಭುಜದ ಭಾಗ ಕತ್ತಾಗಿ ಬದಲಾದ ಕಡೆ ಒಳಗೊಂದು ದಪ್ಪ ಬಳೆ ಉಳಿಯುತ್ತದೆ. ಗುಂಡು ಕೂರಿಸಿದಾಗ ಕತ್ತು ಚೇಂಬರಿಗೆ ಬಿಗಿಯಾಗಿ, ಹಾರಿಸುವಾಗ ಹಿಗ್ಗಿ ಗುಂಡನ್ನು ಬಿಡಲು ಜಾಗವೇ ಇಲ್ಲದಂತಾದರೆ ಒತ್ತಡ ಸಿಕ್ಕಾಪಟ್ಟೆ ಏರುತ್ತದೆ. ಕತ್ತನ್ನು ಹೊರಗಿನಿಂದ ಹೆರೆದು ಅಥವಾ ಒಳಗಿನಿಂದ ಕೊರೆದು ತೆಳುಮಾಡಿದ ಮೇಲೆಯೇ ಮುಂದಿನ ಮಾತು. ಕೇಸಿನ ಉದ್ದ ಮಿತಿ ಮೀರಿ ಬಾಯಿ ಚೇಂಬರಿನ ತುದಿಗೆ ಸಿಕ್ಕಿಕೊಂಡರೂ ಇದೇ ಅಪಾಯ. ಹೊಳಪು ಬುಡದ ಬಳಿ ಬಂದರೆ ಡೈ ಅಷ್ಟು ಕೆಳಗೆ ಮುಟ್ಟಿಲ್ಲವೆಂದು ಅರ್ಥ. ಅದಕ್ಕೆ ಬುಡವನ್ನು ಹೆಚ್ಚು ಒತ್ತುವ ಬೇರೆ ಡೈ ಬೇಕು.

ಹತ್ತಾರು ಸಲ ಹಾರಿದ ಕೇಸು ಹಟಮಾರಿಯಾಗುವುದೂ ಉಂಟು. ಡೈನಿಂದ ಹೊರಬಂದೊಡನೆ ಲೋಹ ಹಿಂದಿನ ಅಳತೆಯತ್ತ ಪುಟಿಯುತ್ತದೆ. ಕತ್ತು ಮತ್ತು ಭುಜವನ್ನು ಜ್ವಾಲೆಯಲ್ಲಿ ಕೆಲವು ಸೆಕೆಂಡು ಕಾಯಿಸಿದರೆ ಮೆತ್ತಗಾಗುತ್ತದೆ. ಬುಡ ಮಾತ್ರ ಗಟ್ಟಿಯಾಗಿಯೇ ಉಳಿಯಬೇಕು. ಹಳಬರು ಕೇಸುಗಳನ್ನು ತಟ್ಟೆಯ ನೀರಿನಲ್ಲಿ ಅರ್ಧ ಮುಳುಗಿಸಿ ನಿಲ್ಲಿಸಿ, ಮೇಲ್ಭಾಗಕ್ಕೆ ಬೆಂಕಿ ಕೊಟ್ಟು, ನೀರಿಗೇ ಉರುಳಿಸುತ್ತಿದ್ದರು.

ಈ ಕಾಯಿಸುವ ಕ್ರಮದ ಕಥೆಯಲ್ಲಿ ಭಾರತವೂ ಬರುತ್ತದೆ. ಬ್ರಿಟಿಷ್ ಸೈನ್ಯ ಇಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದೇಳುವ ಅಮೋನಿಯ, ಮಳೆಗಾಲದ ತೇವ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿ ಮೂರೂ ಸೇರಿ ಹಿತ್ತಾಳೆಯನ್ನು ಸೀಳುತ್ತವೆ ಎಂಬುದು 1921ರ ಹೊತ್ತಿಗೆ ಖಚಿತವಾಯಿತು. ಕಾಯಿಸಿ ಬಿಗಿ ಬಿಡಿಸುವುದೇ ಪರಿಹಾರವಾಯಿತು. ಇಂದಿನ ಭಾರತದಲ್ಲಿ ತೋಟಾ ತುಂಬುವುದು ಮನೆಯ ಹವ್ಯಾಸವಾಗಲು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕು.

ಅಮೆರಿಕದಲ್ಲೂ ವೈಲ್ಡ್‌ಕ್ಯಾಟ್ ಹವ್ಯಾಸದ ಜಾಗ ಕಿರಿದಾಗುತ್ತಿದೆ. ಅದಕ್ಕೆ ಕಾರಣ ವೈಲ್ಡ್‌ಕ್ಯಾಟ್‌ಗಳ ಗೆಲುವೇ. 1920ರಲ್ಲಿ ಅಡಾಲ್ಫ್ ನೀಡ್ನರ್ ರೂಪಿಸಿದ .25-06 ಅನ್ನು ರೆಮಿಂಗ್ಟನ್ ಕಂಪನಿ 1969ರಲ್ಲಿ ತನ್ನದಾಗಿಸಿಕೊಂಡಿತು; .22-250 ಅದಕ್ಕೂ ಮೊದಲು, 1965ರಲ್ಲಿ. ಆಕ್ಲಿ 1989ರಲ್ಲಿ ತೀರಿಕೊಂಡರು. 2007ರಲ್ಲಿ .280 ಆಕ್ಲಿ ಇಂಪ್ರೂವ್ಡ್ ಸಾಮಿ ಪಟ್ಟಿ ಸೇರಿ, ಸಿದ್ಧ ಕೇಸುಗಳೇ ಪೆಟ್ಟಿಗೆಯಲ್ಲಿ ಬಂದವು. ಅದೇ ವರ್ಷ ಬಂದ ಕಾರ್ಖಾನೆಯ ತೋಟಾ 6.5 ಕ್ರೀಡ್‌ಮೋರ್‌ನ ನೇರ ಒಡಲು, 30 ಡಿಗ್ರಿ ಭುಜ ನೋಡಿದರೆ ವೈಲ್ಡ್‌ಕ್ಯಾಟ್‌ನವರ ಪಾಠವನ್ನು ಕಾರ್ಖಾನೆಗಳು ಚೆನ್ನಾಗಿಯೇ ಕಲಿತಿವೆ ಎನಿಸುತ್ತದೆ. ಟ್ರಿನಿಡಾಡ್‌ನ ಕಾಲೇಜಿನಲ್ಲಿ ಕೋವಿ ಕೆಲಸದ ಪಾಠ ಮುಂದುವರಿದಿದೆ ಎಂಬುದು ಸಮಾಧಾನದ ಸಂಗತಿ.

ಪಟ್ಟಿ ಸೇರದೆ ಉಳಿದ ನೂರಾರು ತೋಟಾಗಳದು ಬೇರೆ ಕಥೆ. ಅಜ್ಜನ ಕೋವಿ ಮೊಮ್ಮಗಳ ಕೈಗೆ ಬರುತ್ತದೆ, ನಳಿಗೆಯ ಮೇಲೆ ಅರ್ಥವಾಗದ ಹೆಸರು. ಜೊತೆಗಿರುವ ಕೇಸುಗಳ ಬುಡದಲ್ಲಿ .30-06 ಎಂಬ ಕಾರ್ಖಾನೆಯ ಮುದ್ರೆ, ಆದರೆ ಕತ್ತು, ಭುಜ ಬೇರೆಯೇ. ಆಗ ಕೋವಿಗಾರ ಸೆರೋಸೇಫ್ ಎಂಬ ಬಿಸ್ಮತ್ ಮಿಶ್ರಲೋಹವನ್ನು ಕರಗಿಸಿ ಚೇಂಬರಿಗೆ ಸುರಿಯುತ್ತಾನೆ. ಕುದಿಯುವ ನೀರಿಗಿಂತ ಕಡಿಮೆ ಶಾಖಕ್ಕೇ ಅದು ಕರಗುತ್ತದೆ, ಆರುವಾಗ ಮೊದಲು ಕುಗ್ಗಿ ಆಮೇಲೆ ಹಿಗ್ಗುತ್ತದೆ. ಎರಕ ಹೊಯ್ದ ಒಂದು ಗಂಟೆಯ ಹೊತ್ತಿಗೆ ಸರಿಯಾಗಿ ಚೇಂಬರಿನ ಅಳತೆಗೆ ನಿಲ್ಲುತ್ತದೆ. ಅಳೆಯಬೇಕಾದದ್ದು ಆಗಲೇ. ಅಳತೆ ಸಿಕ್ಕರೂ ಡೈ ಮಾಡಿಸುವ ಖರ್ಚು ನೋಡಿ ಹೆಚ್ಚಿನವರು ನಳಿಗೆಯನ್ನೇ ಬದಲಿಸಿಬಿಡುತ್ತಾರೆ. ಅಜ್ಜ ರೀಮರಿನ ನಕ್ಷೆ, ಡೈಗಳು, ಹಾರಿಸಿದ ಮೂರು ಕೇಸುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಕೋವಿಯ ಜೊತೆಗೇ ಇಟ್ಟಿದ್ದರೆ ಸಾಕಿತ್ತು.