ಬೂದಿದಿಬ್ಬಗಳು ಮತ್ತು ನಮ್ಮ ನಾಡಿನ ಮೊದಲ ದನಗಾಹಿಗಳು

ಹಂಪಿಯ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗ ಅದು ಎಂದು ಜನ ನಂಬುತ್ತಾರೆ. ಬಳ್ಳಾರಿ-ಹೊಸಪೇಟೆ ದಾರಿಯಲ್ಲಿ ಕುಡತಿನಿಯ ಬಳಿಯೂ ಇಂಥದೇ ದಿಬ್ಬವಿದೆ. ಹಿಂದೆ ಇವನ್ನು ಜ್ವಾಲಾಮುಖಿಯ ಬೂದಿ ಎಂದವರೂ ಉಂಟು. ಇದು ದನದ ಸಗಣಿಯ ಬೂದಿ ಎಂದು 19ನೇ ಶತಮಾನದಲ್ಲಿ ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.

ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಇವು ಕ್ರಿ.ಪೂ. 3000ರಿಂದ 1200ರ ನಡುವಿನ ನವಶಿಲಾಯುಗದವರವು. ಆಗ ಲಿಪಿ ಇರಲಿಲ್ಲ, ನಾಣ್ಯವೂ ಇರಲಿಲ್ಲ. 1957ರಲ್ಲಿ ಎಫ್.ಆರ್. ಆಲ್ಚಿನ್ ಅವರು ತೆಲಂಗಾಣದ ಉಟ್ನೂರಿನಲ್ಲಿ ಅಗೆಸಿದಾಗ ಮರದ ಗೂಟ ಹುಗಿದು ಕಟ್ಟಿದ ದೊಡ್ಡ ದನದ ದೊಡ್ಡಿಯ ಗುರುತು ಸಿಕ್ಕಿತು. ಬೂದಿಯಲ್ಲಿ ದನಗಳ ಗೊರಸಿನ ಅಚ್ಚು ಹಾಗೇ ಉಳಿದಿತ್ತು.

ಸಗಣಿ ಎಂದರೆ ಗೊಬ್ಬರ, ಕುಳ್ಳು ತಟ್ಟಿದರೆ ಉರುವಲು. ಅದನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದೇಕೆ? ಆಲ್ಚಿನ್ ಅವರ ಪ್ರಕಾರ ಇದು ಋತು ಬದಲಾಗುವಾಗ ಊರೆಲ್ಲ ಸೇರಿ ಮಾಡುತ್ತಿದ್ದ ಆಚರಣೆ. ನಮ್ಮ ಹೋಳಿ, ದೀಪಾವಳಿ, ಸಂಕ್ರಾಂತಿಯ ಬೆಂಕಿಯನ್ನು ಅವರು ಇದರ ಜೊತೆ ಹೋಲಿಸಿದರು. ಸಗಣಿ ಸುಡುವುದು ಬರೀ ಸ್ವಚ್ಛತೆಗಾಗಿ ಎನ್ನುವವರೂ ಇದ್ದಾರೆ. ಬೆಂಕಿಯ ಕಾವಿಗೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿರುವುದನ್ನು ನೋಡಿದರೆ, ಬರೀ ಕಸ ಸುಡುವುದಕ್ಕೆ ಅಷ್ಟು ದೊಡ್ಡ ಬೆಂಕಿ ಯಾಕೆ ಎಂದು ನನಗೆ ಅನಿಸುತ್ತದೆ.

ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಬೂದಿಹಾಳದಲ್ಲಿ (ಊರ ಹೆಸರಿನಲ್ಲೇ ಬೂದಿ ಇದೆ ನೋಡಿ) ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಉತ್ಖನನ ಮಾಡಿದರು. ಅಲ್ಲಿ ಮನೆಗಳು, ದೊಡ್ಡಿ, ಮಕ್ಕಳ ಸಮಾಧಿಗಳ ಜೊತೆಗೆ ದನ ಕಡಿಯುತ್ತಿದ್ದ ಜಾಗವೂ ಸಿಕ್ಕಿತು. ನಮ್ಮ ಸಮಾಜದವರಿಗೆ ಇದನ್ನು ಓದಲು ಕಷ್ಟವೇ. ಆದರೆ ಆ ಕಾಲದವರು ಹಾಲು ಮಾತ್ರ ಕುಡಿದು ಬದುಕಿದರು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಎಲುಬುಗಳ ಮೇಲೆ ಕಡಿದ ಗುರುತು ಇದೆ. ಒಂದು ದನದ ಮಾಂಸ ಒಂದು ಮನೆಗೆ ಹೆಚ್ಚೇ. ಹಲವು ಮನೆಯವರು ಸೇರಿ ಹಂಚಿಕೊಂಡಿರಬೇಕು ಎಂಬುದು ಸಂಶೋಧಕರ ಊಹೆ.

ಕೊಂದು ತಿನ್ನುತ್ತಿದ್ದವರಿಗೇ ಆ ಪ್ರಾಣಿಯ ಮೇಲೆ ಎಷ್ಟು ಮೋಹ ಎನ್ನುವುದಕ್ಕೆ ಬಳ್ಳಾರಿ ಹತ್ತಿರದ ಕಪಗಲ್ಲು ಗುಡ್ಡ ಸಾಕ್ಷಿ. ಅಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲು ಎದ್ದ ಎತ್ತುಗಳನ್ನು ಕುಟ್ಟಿ ಬಿಡಿಸಿದ್ದಾರೆ. ಪಿಕ್ಲಿಹಾಳದಲ್ಲಿ ಮಣ್ಣಿನ ಎತ್ತಿನ ಗೊಂಬೆಗಳೂ ಸಿಕ್ಕಿವೆ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲಿ ಎತ್ತು ಮಾಡಿ ಪೂಜಿಸುತ್ತೇವಲ್ಲ, ಅದು ನೆನಪಾಗುತ್ತದೆ. ಹಾಗಂತ ನಾಲ್ಕು ಸಾವಿರ ವರ್ಷದ ಪದ್ಧತಿ ಕಡಿಯದೆ ಬಂದಿದೆ ಎಂದು ಸಾಧಿಸಲು ಆಗದು.

ವ್ಯಾಪಾರಿಯಾಗಿ ನನಗೆ ಒಂದು ಮಾತು ಹೊಳೆಯುತ್ತದೆ. ನಾಣ್ಯವಿಲ್ಲದ ಕಾಲದಲ್ಲಿ ಕೂಡಿಡಲು, ಕೊಡಲು, ಸಂಬಂಧ ಬೆಳೆಸಲು ದನಕ್ಕಿಂತ ಒಳ್ಳೆಯ ಬಂಡವಾಳ ಯಾವುದಿತ್ತು? ಕಾಲಿನ ಮೇಲೆ ನಡೆಯುತ್ತದೆ, ಮರಿ ಹಾಕುತ್ತದೆ. ಈಗಲೂ ದನವನ್ನೇ ಧನ ಎನ್ನುವ ರೈತರು ನಮ್ಮಲ್ಲಿದ್ದಾರೆ.

ಕೆಲವು ದಿಬ್ಬಗಳ ಬೂದಿಯನ್ನು ಗೊಬ್ಬರವೆಂದು ಹೊಲಗಳಿಗೆ ಹೊತ್ತು ಹಾಕಿದ್ದಾರೆ. ಹಂಪಿಗೆ ಹೋಗುವವರು ನಿಂಬಾಪುರಕ್ಕೂ ಒಮ್ಮೆ ಹೋಗಿ ಬನ್ನಿರಿ. ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ.