ಸಾಗರದಾಳದ ಹುಡುಕಾಟ ಎಲ್ಲರ ಕಣ್ಣೆದುರು ನಡೆಯಲಿ

2024ರ ಡಿಸೆಂಬರ್‌ನಲ್ಲಿ ಹಿಂದೂ ಮಹಾಸಾಗರದ ನಾಲ್ಕೂವರೆ ಸಾವಿರ ಮೀಟರ್ ಆಳದಿಂದ ಒಂದು ಚಿತ್ರ ಬಂತು. ಕಡಲತಳದಿಂದ ಹೊಗೆಯಂತೆ ಉಕ್ಕುತ್ತಿದ್ದ ಬಿಸಿನೀರಿನ ಚಿಲುಮೆಯದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಹಾಗೂ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದನ್ನು ಸೆರೆಹಿಡಿದಿದ್ದರು. ಸುದ್ದಿ ಎದ್ದಷ್ಟೇ ಬೇಗ ಆರಿತು. ಉಳಿದದ್ದು ಚಿಲುಮೆಯ ಸುತ್ತ ಸಿಗಬಹುದಾದ ತಾಮ್ರ, ಚಿನ್ನ, ಬೆಳ್ಳಿಯ ಮಾತು.

ಇಂಥ ಚಿಲುಮೆಗಳು ಮನುಷ್ಯರ ಕಣ್ಣಿಗೆ ಮೊದಲು ಬಿದ್ದ ಕಥೆಯೇ ಬೇರೆ. 1977ರಲ್ಲಿ ಅಮೆರಿಕದ ಭೂವಿಜ್ಞಾನಿಗಳು ಸರ್ಕಾರದ ಹಣದಲ್ಲಿ ಗಾಲಪಗೋಸ್ ದ್ವೀಪಗಳ ಬಳಿಗೆ ಹೋದರು. ಬಿರುಕುಗಳಲ್ಲಿ ಇಳಿದ ಸಮುದ್ರದ ನೀರು ಶಿಲಾಪಾಕದ ಸಮೀಪ ಕಾದು, ಲೋಹ, ಗಂಧಕಗಳನ್ನು ಕರಗಿಸಿಕೊಂಡು ಮೇಲೇಳಬೇಕೆಂಬುದು ಅವರ ಲೆಕ್ಕ. ಕ್ಯಾಮೆರಾ ಹೊತ್ತ ಚೌಕಟ್ಟೊಂದನ್ನು ತಳದ ಮೇಲೆ ಎಳೆದೊಯ್ದರು. ಒಂದೆಡೆ ಉಷ್ಣತೆ ತುಸು ಏರಿ ಇಳಿಯಿತು. ಸುಮಾರು 3,000 ಚಿತ್ರಗಳ ಪೈಕಿ ಆ ಜಾಗದ 13ರಲ್ಲಿ ಮಾತ್ರ ಚಿಪ್ಪುಜೀವಿಗಳು ತುಂಬಿದ್ದವು. ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ 2,500 ಮೀಟರ್ ಇಳಿದವರಿಗೆ ಕಂಡದ್ದು ಬಿಸಿಲೇ ತಾಗದ ಕತ್ತಲಲ್ಲಿ ಕಿಕ್ಕಿರಿದ ಜೀವಲೋಕ. ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಸಿಕ್ಕ ಮಾದರಿಗಳಲ್ಲಿ ಕೆಲವನ್ನು ಕೆಡದಂತೆ ವೋಡ್ಕಾದಲ್ಲಿ ಹಾಕಿಟ್ಟರು! ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳೇ ಅಲ್ಲಿನ ಅನ್ನದಾತರು ಎಂಬುದು ಆಮೇಲೆ ಖಚಿತವಾಯಿತು.

ಈ ಕಥೆಗೆ ಜೀವ ತುಂಬುವುದು ಆ 13 ಚಿತ್ರಗಳು, ತಬ್ಬಿಬ್ಬಾದ ಭೂವಿಜ್ಞಾನಿಗಳು, ವೋಡ್ಕಾ ಬಾಟಲಿ. ಪತ್ರಿಕಾ ಪ್ರಕಟಣೆಗಳು ಕತ್ತರಿಸಿ ಬಿಸಾಡುವುದು ಇವನ್ನೇ.

ಬಿಸಾಡದಿದ್ದರೆ ಏನಾಗುತ್ತದೆಂದು 2025ರಲ್ಲಿ ಅರ್ಜೆಂಟೀನಾ ತೋರಿಸಿತು. ಅಲ್ಲಿನ ಸರ್ಕಾರಿ ಸಂಶೋಧನಾ ಮಂಡಳಿ ಕೊನಿಸೆಟ್‌ನ ವಿಜ್ಞಾನಿಗಳು ಷ್ಮಿಟ್ ಸಾಗರ ಸಂಸ್ಥೆಯ ಹಡಗಿನಿಂದ ಮಾರ್ ದೆಲ್ ಪ್ಲಾಟಾದ ಆಚೆಯ ಕಡಲಕಮರಿಗೆ ಯಂತ್ರ ಇಳಿಸಿ, ಕಂಡದ್ದನ್ನೆಲ್ಲ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು. ಸಂಶೋಧನೆಗೆ ಅನುದಾನ ಕಡಿತವಾಗುತ್ತಿದ್ದ ಕಾಲವದು. ಸಾವಿರಾರು ಮೀಟರ್ ಆಳದ ಹವಳ, ಗಾಜಿನಂಥ ಸ್ಕ್ವಿಡ್, ದುಂಡು ಹಿಂಭಾಗದ ನಕ್ಷತ್ರಮೀನುಗಳನ್ನು ಏಕಕಾಲಕ್ಕೆ ಹತ್ತಾರು ಸಾವಿರ ಜನ ನೋಡಿದರು. ವಿಜ್ಞಾನಿಗಳು ತಮ್ಮ ಜನರ ಭಾಷೆಯಲ್ಲೇ ಅಚ್ಚರಿಪಟ್ಟರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಏನೂ ಕಾಣದ ಬರಿ ಕೆಸರಿನ ಹೊತ್ತನ್ನೂ ಜನ ಬಿಡದೆ ನೋಡಿದರು.

ಇಂಥ ಹುಡುಕಾಟಕ್ಕೆಂದೇ ಇರುವ ನಮ್ಮ ದೇಶದ ಆಳಸಾಗರ ಅಭಿಯಾನಕ್ಕೆ 2021ರಲ್ಲಿ ಮಂಜೂರಾದದ್ದು 4,077 ಕೋಟಿ ರೂಪಾಯಿ, ಅಷ್ಟೂ ತೆರಿಗೆದಾರರದು. ನಿಧಿಯ ಆಸೆ ಹುಟ್ಟಿಸಿ ಆ ಖರ್ಚನ್ನು ಸಮರ್ಥಿಸುವುದು ಅಪಾಯಕಾರಿ: ನಾಳೆ ಚಿನ್ನ ಮೇಲೆ ಬರದಿದ್ದರೆ ವಿಜ್ಞಾನವೇ ಸೋತಂತೆ ಕಾಣುತ್ತದೆ.

ಅದರ ಬದಲು ಹುಡುಕಾಟವನ್ನೇ ಜನರಿಗೆ ನೇರವಾಗಿ ತೋರಿಸಬೇಕು. ಅದಕ್ಕೆ ತಾಂತ್ರಿಕ ಅಡ್ಡಿಗಳೂ ಇವೆ. ಮೂವರನ್ನು ಕೆಳಗಿಳಿಸಲಿರುವ ಮತ್ಸ್ಯ-6000 ಜಲಾಂತರ್ಗಾಮಿಗೆ ಹಡಗಿನೊಂದಿಗೆ ತಂತಿಯ ನಂಟಿಲ್ಲ. ನೀರಿನಲ್ಲಿ ರೇಡಿಯೊ ಅಲೆ ದೂರ ಸಾಗದು, ಶಬ್ದದಲೆಗಳ ಮೂಲಕ ಸರಾಗವಾದ ವಿಡಿಯೊ ಬಾರದು. ಆದರೆ ಚೆನ್ನೈನ ಸಂಸ್ಥೆಯ ಬಳಿಯೇ ರೋಸಬ್-6000 ಇದೆ. ಹಡಗಿಗೆ ಕೇಬಲ್‌ನಿಂದ ಜೋಡಿಸಿದ ಈ ಯಂತ್ರದ ಚಿತ್ರಗಳನ್ನು ಉಪಗ್ರಹದ ಮೂಲಕ ದಡಕ್ಕೆ ಕಳಿಸಬಹುದು. ಅದರ ಮುಂದಿನ ಇಳಿತವನ್ನು ನೇರಪ್ರಸಾರ ಮಾಡಲಿ, ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಬಲ್ಲ ವಿಜ್ಞಾನಿಗಳಿಗೆ ಮೈಕ್ ಕೊಡಲಿ. ಮಲ್ಪೆಯ ಶಾಲೆಯ ಮಕ್ಕಳು ಪ್ರಶ್ನೆ ಕೇಳಲಿ, ವಿಜ್ಞಾನಿಗಳು ಹಡಗಿನಿಂದಲೇ ಉತ್ತರಿಸಲಿ.